ದುಡಿಮೆಗೆ ತಕ್ಕ ಕೂಲಿ: ಫ್ರಾನ್ಸಿಸ್ ಪರ್ಕಿನ್ಸ್

ಹಗಲೆಲ್ಲ ಮೈಮುರಿದು ದುಡಿದವರ ಮನೆಯಲ್ಲಿ ಸಂಜೆಗೆ ಒಲೆ ಉರಿಯಬೇಕು. ಇದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಆ ಒಲೆ ಉರಿಯುವಷ್ಟು ಕೂಲಿಯನ್ನು ಕೊಡಲೇಬೇಕೆಂದು ಸರ್ಕಾರವು ಶಾಸನ ಮಾಡಬಹುದೆ? ಮಾಡುವುದಾದರೆ ಆ ಕೂಲಿ ಎಷ್ಟಿರಬೇಕು? ಅದನ್ನು ಹೆಚ್ಚಿಸುತ್ತ ಹೋದರೆ ಕೆಲಸವೇ ಕೈತಪ್ಪಿ ಹೋದೀತೆ? ಈ ಪ್ರಶ್ನೆಗಳನ್ನು ಕುರಿತು ಒಂದು ಶತಮಾನಕ್ಕೂ ಮಿಕ್ಕಿ ನಾನಾ ದೇಶಗಳಲ್ಲಿ ವಾದವಿವಾದಗಳು ನಡೆದಿವೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ವಾದವನ್ನು ಕಾರ್ಖಾನೆಯ ಬಾಗಿಲಿನಿಂದ ಶಾಸನಸಭೆಯವರೆಗೆ ಒಯ್ದು, ದೇಶಕ್ಕೆಲ್ಲ ಅನ್ವಯವಾಗುವ ಕನಿಷ್ಠ ವೇತನದ ಕಾಯಿದೆಯನ್ನು ಸಾಧಿಸಿದವರಲ್ಲಿ ಅಗ್ರಗಣ್ಯಳು ಫ್ರಾನ್ಸಿಸ್ ಪರ್ಕಿನ್ಸ್.

ಆಕೆ 1880ರ ಏಪ್ರಿಲ್ 10ರಂದು ಬಾಸ್ಟನ್ ನಗರದಲ್ಲಿ ಜನಿಸಿದಳು. ತಂದೆತಾಯಿಗಳು ಇಟ್ಟ ಹೆಸರು ಫ್ಯಾನಿ. ಮುಂದೆ ಆಕೆಯೇ ಅದನ್ನು ಫ್ರಾನ್ಸಿಸ್ ಎಂದು ಬದಲಾಯಿಸಿಕೊಂಡಳು. ತಂದೆ ವೂಸ್ಟರ್ ಪಟ್ಟಣದಲ್ಲಿ ಕಾಗದ ಮತ್ತು ಬರವಣಿಗೆಯ ಸಾಮಗ್ರಿಗಳ ವ್ಯಾಪಾರ ಮಾಡುತ್ತಿದ್ದನು. ಸಿರಿವಂತಿಕೆಯಿಲ್ಲದಿದ್ದರೂ ಉಣ್ಣಲು ಉಡಲು ಕೊರತೆಯಿಲ್ಲದ ಸಂಸಾರ. ಬಡತನಕ್ಕೆ ಕುಡಿತವೋ ಸೋಮಾರಿತನವೋ ಕಾರಣವೆಂಬುದು ಅಂಥ ಮನೆಗಳಲ್ಲಿ ಬೇರೂರಿದ್ದ ನಂಬಿಕೆ. ಬಾಲಕಿಯೂ ಅದನ್ನೇ ಕೇಳುತ್ತ ಬೆಳೆದಳು.

ಆ ನಂಬಿಕೆಯನ್ನು ಅಲುಗಿಸಿದ್ದು ಮೌಂಟ್ ಹೋಲಿಯೋಕ್ ಕಾಲೇಜಿನ ವ್ಯಾಸಂಗ. ಆಕೆ ಅಲ್ಲಿ ಮುಖ್ಯವಾಗಿ ಅಭ್ಯಸಿಸಿದುದು ಭೌತವಿಜ್ಞಾನವನ್ನು. ಆದರೆ ಇತಿಹಾಸದ ಅಧ್ಯಾಪಕಿಯೊಬ್ಬರು ತಮ್ಮ ವಿದ್ಯಾರ್ಥಿನಿಯರನ್ನು ಹತ್ತಿರದ ಗಿರಣಿಗಳಿಗೆ ಕಳುಹಿಸಿ, ಅಲ್ಲಿಯ ದುಡಿಮೆಯ ಸ್ಥಿತಿಗತಿಗಳನ್ನು ಕಣ್ಣಾರೆ ಕಂಡು ಬರೆಯುವಂತೆ ಹೇಳಿದರು. ಯಂತ್ರಗಳ ನಡುವೆ ದುಡಿಯುವ ಹೆಂಗಸರನ್ನೂ ಮಕ್ಕಳನ್ನೂ ತರುಣಿ ಪರ್ಕಿನ್ಸ್ ಕಂಡಳು. ಸೋಮಾರಿಗಳೆಂದು ಅವರನ್ನು ಕರೆಯುವುದು ಸಾಧ್ಯವೇ ಇರಲಿಲ್ಲ. ಯಂತ್ರಕ್ಕೆ ಕೈಕೊಟ್ಟು ಅಂಗಹೀನನಾದ ಒಬ್ಬ ದುಡಿಮೆಗಾರನ ಸಂಸಾರ ಮರುದಿನವೇ ಬೀದಿಗೆ ಬೀಳುವುದು ಯಾವ ದುರ್ಗುಣದ ಫಲವೂ ಆಗಿರಲಿಲ್ಲ. 1902ರಲ್ಲಿ ಪದವಿ ಪಡೆಯುವ ಮುನ್ನ, ಕಾರ್ಮಿಕ ಮಹಿಳೆಯರ ಪರವಾಗಿ ಹೋರಾಡುತ್ತಿದ್ದ ಫ್ಲಾರೆನ್ಸ್ ಕೆಲ್ಲಿಯ ಭಾಷಣವನ್ನು ಆಕೆ ಕೇಳಿದಳು. ಬಾಳಿನ ದಾರಿ ಅಲ್ಲಿಯೇ ತೆರೆದುಕೊಂಡಿತು.

ಕೆಲಕಾಲ ಶಿಕ್ಷಕಿಯಾಗಿ ದುಡಿಯುತ್ತಲೇ ಆಕೆ ಷಿಕಾಗೋ ನಗರದ ಹಲ್ ಹೌಸ್ ಎಂಬ ಸೇವಾಕೇಂದ್ರದಲ್ಲಿ ಬಿಡುವಿನ ವೇಳೆಯನ್ನು ಕಳೆದಳು. ಜೇನ್ ಆಡಮ್ಸ್ ಸ್ಥಾಪಿಸಿದ್ದ ಆ ಕೇಂದ್ರದ ಸುತ್ತಮುತ್ತ ವಲಸೆ ಬಂದ ಬಡವರ ವಠಾರಗಳಿದ್ದವು. ಅನಂತರ ಫಿಲಡೆಲ್ಫಿಯದಲ್ಲಿ, ಕೆಲಸವನ್ನು ಅರಸಿ ಬರುವ ಅಬಲೆಯರನ್ನು ವಂಚಕರಿಂದ ಕಾಪಾಡುವ ಕಾರ್ಯವನ್ನು ಕೈಗೊಂಡಳು. 1910ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದು, ನ್ಯೂಯಾರ್ಕಿನ ಗ್ರಾಹಕರ ಸಂಘದಲ್ಲಿ ಹೊಣೆಗಾರಿಕೆಯ ಸ್ಥಾನವನ್ನು ವಹಿಸಿಕೊಂಡಳು. ಕೊಳ್ಳುವ ವಸ್ತುವಿನ ಹಿಂದೆ ದುಡಿದ ಕೈಗಳ ಕಷ್ಟವನ್ನು ಕೊಳ್ಳುವವರಿಗೆ ತಿಳಿಸಿಕೊಡುವುದು ಆ ಸಂಘದ ಉದ್ದೇಶವಾಗಿದ್ದಿತು.

1911ರ ಮಾರ್ಚ್ 25, ಶನಿವಾರದ ಸಂಜೆ. ಪರ್ಕಿನ್ಸ್ ನ್ಯೂಯಾರ್ಕಿನ ವಾಷಿಂಗ್ಟನ್ ಚೌಕದ ಬಳಿ ಗೆಳತಿಯೊಬ್ಬಳ ಮನೆಯಲ್ಲಿ ಚಹಾಕ್ಕೆಂದು ಹೋಗಿದ್ದಳು. ಹೊರಗೆ ಗುಲ್ಲೆದ್ದಿತು. ಎಲ್ಲರೂ ಓಡಿಹೋಗಿ ನೋಡಿದರೆ, ಹತ್ತು ಅಂತಸ್ತಿನ ಕಟ್ಟಡದ ಮೇಲಿನ ಅಂತಸ್ತುಗಳಲ್ಲಿ ಬೆಂಕಿ! ಅದು ಹೆಂಗಸರ ರವಿಕೆಗಳನ್ನು ಹೊಲಿಯುವ ಟ್ರಯಾಂಗಲ್ ಎಂಬ ಕಾರ್ಖಾನೆ. ಕೆಲಸಗಾರರಲ್ಲಿ ಹೆಚ್ಚಿನವರು ಇಟಲಿಯಿಂದಲೂ ಪೂರ್ವ ಯೂರೋಪಿನಿಂದಲೂ ವಲಸೆ ಬಂದ ಹದಿಹರೆಯದ ಹುಡುಗಿಯರು. ಹೊರಬರುವ ಬಾಗಿಲೊಂದಕ್ಕೆ ಬೀಗ ಹಾಕಲಾಗಿತ್ತು. ಅಗ್ನಿಶಾಮಕ ದಳದ ಏಣಿಗಳು ಅಷ್ಟು ಎತ್ತರಕ್ಕೆ ನಿಲುಕಲಿಲ್ಲ. ಬೆಂಕಿಗೆ ಬೆದರಿದ ಹುಡುಗಿಯರು ಕಿಟಕಿಗಳಿಂದ ಒಬ್ಬೊಬ್ಬರಾಗಿ ಕೆಳಗೆ ಹಾರತೊಡಗಿದರು. ಅರ್ಧ ಗಂಟೆ ಕಳೆಯುವುದರೊಳಗೆ ಎಲ್ಲವೂ ಮುಗಿದುಹೋಗಿತ್ತು. ಸತ್ತವರು 146 ಮಂದಿ. ಬೀದಿಯಲ್ಲಿ ನಿಂತು ಆ ದೃಶ್ಯವನ್ನು ಕಂಡ ಪರ್ಕಿನ್ಸಳಿಗೆ ಅದನ್ನು ಬಾಳಿನುದ್ದಕ್ಕೂ ಮರೆಯಲಾಗಲಿಲ್ಲ. ಕನಿಕರ ಮಾತ್ರದಿಂದ ಏನೂ ಆಗದು, ಕಾನೂನು ಬೇಕು ಎಂಬ ನಿಶ್ಚಯ ಆ ದಿನ ಆಕೆಯಲ್ಲಿ ಬಲವಾಯಿತು.

ಆ ದುರಂತದ ಬಳಿಕ ನ್ಯೂಯಾರ್ಕ್ ರಾಜ್ಯವು ಕಾರ್ಖಾನೆಗಳ ಪರಿಶೀಲನೆಗಾಗಿ ಒಂದು ಆಯೋಗವನ್ನು ನೇಮಿಸಿತು. ರಾಬರ್ಟ್ ವಾಗ್ನರ್ ಮತ್ತು ಆಲ್ ಸ್ಮಿತ್ ಎಂಬ ಶಾಸಕರು ಅದರ ಮುಖ್ಯಸ್ಥರು. ಕಾರ್ಖಾನೆಗಳ ಒಳಗನ್ನು ಬಲ್ಲ ಪರ್ಕಿನ್ಸ್ ಅವರಿಗೆ ಮಾರ್ಗದರ್ಶಿಯಾದಳು. ವರದಿಗಳನ್ನು ಓದಿ ಹೇಳುವುದಕ್ಕಿಂತ ಕಣ್ಣಿಗೆ ಕಾಣಿಸುವುದು ಮೇಲೆಂಬುದು ಆಕೆಯ ನಿಲುವು. ಹತ್ತು ಗಂಟೆಗಳ ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಹೊರಬರುವ ಹೆಂಗಸರನ್ನು ಸ್ಮಿತ್‌ಗೆ ತೋರಿಸಿದಳು. ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳುವ ದಾರಿಯೆಂದು ಹೆಸರಿಟ್ಟಿದ್ದ ಕಿರಿದಾದ ಕಂಡಿಯೊಂದರಲ್ಲಿ ವಾಗ್ನರನನ್ನೇ ನುಸುಳುವಂತೆ ಮಾಡಿದಳು. ಆಚೆಗೆ ಇದ್ದುದು ಹಿಮಗಟ್ಟಿದ ಕಬ್ಬಿಣದ ಏಣಿ! ಅದನ್ನು ಕಂಡ ಮೇಲೆ ಶಾಸಕರಿಗೆ ಬೇರೆ ಉಪನ್ಯಾಸ ಬೇಕಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಆ ರಾಜ್ಯದ ಕಾರ್ಖಾನೆ ಕಾನೂನುಗಳು ಹೊಸ ರೂಪ ತಾಳಿದವು.

1912ರಲ್ಲಿ ಆಕೆಗೆ ಮೊದಲ ಬಾರಿಗೆ ಒಂದು ಧರ್ಮಸಂಕಟ ಎದುರಾಯಿತು. ಹೆಂಗಸರ ದುಡಿಮೆಯನ್ನು ವಾರಕ್ಕೆ 54 ಗಂಟೆಗಳಿಗೆ ಮಿತಗೊಳಿಸುವ ಮಸೂದೆ ಶಾಸನಸಭೆಯ ಮುಂದಿತ್ತು. ಕೊನೆಯ ಗಳಿಗೆಯಲ್ಲಿ ವಿರೋಧಿಗಳು ಒಂದು ತಂತ್ರ ಹೂಡಿದರು. ಹಣ್ಣು ತರಕಾರಿಗಳನ್ನು ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಗಳಿಗೆ ಈ ಕಾನೂನು ಅನ್ವಯಿಸಬಾರದೆಂದು ತಿದ್ದುಪಡಿ ಮಾಡಿದರು. ಸಂಘದವರು ಇದಕ್ಕೆ ಒಪ್ಪರೆಂದೂ, ಮಸೂದೆ ತಾನಾಗಿ ಬಿದ್ದುಹೋಗುವುದೆಂದೂ ಅವರ ಎಣಿಕೆ. ಒಪ್ಪಿದರೆ ಆ ಕಾರ್ಖಾನೆಗಳ ಸಾವಿರಾರು ಹೆಂಗಸರನ್ನು ಕೈಬಿಟ್ಟಂತೆ. ಒಪ್ಪದಿದ್ದರೆ ಉಳಿದ ಲಕ್ಷಾಂತರ ಹೆಂಗಸರಿಗೂ ಏನೂ ಇಲ್ಲ. ಪರ್ಕಿನ್ಸ್ ತನ್ನ ಹೊಣೆಯ ಮೇಲೆಯೇ ಒಪ್ಪಿಗೆ ಕೊಟ್ಟಳು. ಮಸೂದೆ ಕಾನೂನಾಯಿತು. ಕೈಬಿಟ್ಟವರಿಗಾಗಿ ಆಕೆ ಮತ್ತೆ ಹೋರಾಡಿದಳು, ಮರುವರ್ಷವೇ ಅವರ ಪರವಾಗಿಯೂ ಸುಧಾರಣೆಗಳು ಬಂದವು. ಸಿಕ್ಕಷ್ಟನ್ನು ಪಡೆದು ಉಳಿದುದಕ್ಕಾಗಿ ದುಡಿಯುವುದು ಅಂದಿನಿಂದ ಆಕೆಯ ಮಾರ್ಗವಾಯಿತು. ಈ ಮಾರ್ಗಕ್ಕೆ ತೆರಬೇಕಾದ ಬೆಲೆಯೂ ಇತ್ತೆಂಬುದು ಮುಂದೆ ತಿಳಿಯಿತು.

1913ರಲ್ಲಿ ಆಕೆ ಪಾಲ್ ವಿಲ್ಸನ್ ಎಂಬಾತನನ್ನು ವಿವಾಹವಾದಳು. ಮದುವೆಯ ಬಳಿಕವೂ ತನ್ನ ಹೆಸರನ್ನು ಉಳಿಸಿಕೊಂಡಳು. ಅಂದಿನ ಸಮಾಜದಲ್ಲಿ ಅದು ಸಣ್ಣ ಸಾಹಸವೇನೂ ಅಲ್ಲ. ಸುಸಾನ ಎಂಬ ಮಗಳು ಜನಿಸಿದ ಕೆಲವೇ ವರ್ಷಗಳಲ್ಲಿ ಪತಿಗೆ ಮನೋವ್ಯಾಧಿ ತಗುಲಿತು. ಆಸ್ಪತ್ರೆಗೂ ಮನೆಗೂ ಅಲೆದಾಟ ಅವನ ಪಾಲಿಗೆ ತಪ್ಪಲಿಲ್ಲ. ಸಂಸಾರವನ್ನು ಸಾಗಿಸುವ ಭಾರವೆಲ್ಲ ಪರ್ಕಿನ್ಸಳ ಸಂಬಳದ ಮೇಲೆ ಬಿದ್ದಿತು. ಈ ಸಂಕಟವನ್ನು ಆಕೆ ಹೊರಗೆ ಯಾರಲ್ಲಿಯೂ ತೋಡಿಕೊಳ್ಳಲಿಲ್ಲ. ಆದರೆ ಒಂದು ಸಂಬಳ ನಿಂತರೆ ಮನೆಯೊಂದು ಹೇಗೆ ಕುಸಿದೀತೆಂಬುದು ಆಕೆಗೆ ಬರಿಯ ಪುಸ್ತಕದ ವಿಷಯವಾಗಿ ಉಳಿಯಲಿಲ್ಲ.

1919ರಲ್ಲಿ ಗವರ್ನರ್ ಆಗಿದ್ದ ಆಲ್ ಸ್ಮಿತ್ ಆಕೆಯನ್ನು ರಾಜ್ಯದ ಕೈಗಾರಿಕಾ ಆಯೋಗಕ್ಕೆ ನೇಮಿಸಿದನು. 1929ರಲ್ಲಿ ಗವರ್ನರ್ ಪದವಿಗೇರಿದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಆಕೆಯನ್ನು ಆ ಇಲಾಖೆಯ ಮುಖ್ಯಸ್ಥಳನ್ನಾಗಿ ಮಾಡಿದನು. ಆ ವರ್ಷದ ಕೊನೆಯಲ್ಲಿ ಅಮೆರಿಕದ ಷೇರು ಮಾರುಕಟ್ಟೆ ಕುಸಿದು, ಮಹಾ ಆರ್ಥಿಕ ಮುಗ್ಗಟ್ಟು ತಲೆದೋರಿತು. ಕೆಲಸಗಳು ಹೆಚ್ಚುತ್ತಿವೆಯೆಂದು 1930ರ ಆರಂಭದಲ್ಲಿ ರಾಷ್ಟ್ರದ ಅಧ್ಯಕ್ಷನೇ ಸಾರಿದಾಗ, ಪರ್ಕಿನ್ಸ್ ಅಂಕಿ ಅಂಶಗಳನ್ನು ಮುಂದಿಟ್ಟು ಆ ಹೇಳಿಕೆ ತಪ್ಪೆಂದು ಬಹಿರಂಗವಾಗಿ ತೋರಿಸಿಕೊಟ್ಟಳು.

ರೂಸ್‌ವೆಲ್ಟ್ ರಾಷ್ಟ್ರಾಧ್ಯಕ್ಷನಾಗಿ ಚುನಾಯಿತನಾದ ಮೇಲೆ, 1933ರ ಫೆಬ್ರವರಿಯಲ್ಲಿ ಆಕೆಯನ್ನು ಕಾರ್ಮಿಕ ಸಚಿವೆಯಾಗುವಂತೆ ಕೇಳಿದನು. ಅಮೆರಿಕದ ಇತಿಹಾಸದಲ್ಲಿ ಅದುವರೆಗೆ ಯಾವ ಮಹಿಳೆಯೂ ಕೇಂದ್ರ ಮಂತ್ರಿಮಂಡಲದಲ್ಲಿ ಕುಳಿತಿರಲಿಲ್ಲ. ಬೇರೆಯವರಾಗಿದ್ದರೆ ಕೃತಜ್ಞತೆಯನ್ನರ್ಪಿಸಿ ಒಪ್ಪಿಕೊಳ್ಳುತ್ತಿದ್ದರೇನೋ! ಪರ್ಕಿನ್ಸ್ ಒಂದು ಪಟ್ಟಿಯನ್ನು ಹಿಡಿದುಕೊಂಡು ಹೋದಳು. ದುಡಿಮೆಯ ವೇಳೆಗೆ ಮಿತಿ, ಕನಿಷ್ಠ ವೇತನ, ಬಾಲಕಾರ್ಮಿಕ ಪದ್ಧತಿಯ ನಿಷೇಧ, ನಿರುದ್ಯೋಗಿಗಳಿಗೆ ನೆರವು, ವೃದ್ಧಾಪ್ಯ ವೇತನ, ಆರೋಗ್ಯ ವಿಮೆ. ಇವುಗಳಿಗಾಗಿ ದುಡಿಯಲು ಅವಕಾಶವಿದ್ದರೆ ಮಾತ್ರ ಪದವಿ, ಇಲ್ಲವಾದರೆ ಬೇಡ. ರೂಸ್‌ವೆಲ್ಟ್ ಒಪ್ಪಿದನು. ಮಾರ್ಚ್ 4ರಂದು ಆಕೆ ಅಧಿಕಾರ ವಹಿಸಿಕೊಂಡಳು. ಮಹಿಳೆಯೆಂದು ಕೆಲವರು, ಕಾರ್ಮಿಕ ಸಂಘದಿಂದ ಬಂದವಳಲ್ಲವೆಂದು ಸಂಘಗಳ ಮುಂದಾಳುಗಳು ಮುಖ ಸಿಂಡರಿಸಿಕೊಂಡರು. ಕಪ್ಪು ಉಡುಪು, ಮೂರು ಮೂಲೆಯ ಟೋಪಿ, ಮಿತವಾದ ಮಾತು ಇವುಗಳೊಡನೆ ಆಕೆ ತನ್ನ ಕೆಲಸವನ್ನು ಆರಂಭಿಸಿದಳು.

ಪಟ್ಟಿಯಲ್ಲಿ ಅತ್ಯಂತ ಕಠಿನವಾದುದು ಕನಿಷ್ಠ ವೇತನದ ಪ್ರಶ್ನೆ. ಅದಕ್ಕೆ ಅಡ್ಡವಾಗಿ ನಿಂತಿದ್ದುದು ಸರ್ವೋಚ್ಚ ನ್ಯಾಯಾಲಯ. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಹೆಂಗಸರಿಗೆ ಕನಿಷ್ಠ ವೇತನವನ್ನು ಗೊತ್ತುಪಡಿಸಿದ್ದ ಕಾನೂನನ್ನು ಆ ನ್ಯಾಯಾಲಯ 1923ರಲ್ಲಿ ರದ್ದುಪಡಿಸಿತ್ತು. ಆ ಮೊಕದ್ದಮೆಯಲ್ಲಿ ಹೋಟೆಲೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದ ತರುಣಿಯೂ ಒಬ್ಬ ಕಕ್ಷಿಗಾರಳು. ತಿಂಗಳಿಗೆ 35 ಡಾಲರ್ ಸಂಬಳ, ದಿನಕ್ಕೆ ಎರಡು ಹೊತ್ತಿನ ಊಟ. ಅವಳು ಆ ಕೆಲಸದಲ್ಲಿ ತೃಪ್ತಳಾಗಿದ್ದಳು. ಕಾನೂನಿನ ಪ್ರಕಾರ ಹೆಚ್ಚು ಕೊಡಬೇಕಾಗಿ ಬಂದಾಗ ಹೋಟೆಲಿನವರು ಅವಳನ್ನು ಕೆಲಸದಿಂದ ಬಿಡಿಸಿದರು. ತನ್ನನ್ನು ಕಾಪಾಡಲು ಬಂದ ಕಾನೂನೇ ತನ್ನ ಅನ್ನವನ್ನು ಕಿತ್ತುಕೊಂಡಿತೆಂಬುದು ಅವಳ ದೂರು. ಕೂಲಿಯ ಒಪ್ಪಂದ ಕೊಡುವವರಿಗೂ ದುಡಿಯುವವರಿಗೂ ಸೇರಿದ್ದು, ನಡುವೆ ಸರ್ಕಾರ ಕೈಹಾಕಕೂಡದು ಎಂದು ನ್ಯಾಯಾಲಯ ತೀರ್ಮಾನಿಸಿತು.

ಇದು ತಳ್ಳಿಹಾಕುವಂಥ ವಾದವಾಗಿರಲಿಲ್ಲ. ಕೂಲಿ ಹೆಚ್ಚಿದರೆ ಉತ್ಪಾದನೆಯ ವೆಚ್ಚ ಹೆಚ್ಚುವುದು, ಸಣ್ಣ ಗಿರಣಿಗಳು ಮುಚ್ಚಿಹೋಗುವುವು, ಮಾಲೀಕರು ಆಳುಗಳ ಬದಲು ಯಂತ್ರಗಳನ್ನು ತರುವರು ಎಂದು ಉದ್ಯಮಿಗಳು ಹೇಳುತ್ತಿದ್ದರು. ಜೀವನವೆಚ್ಚ ಕಡಿಮೆಯಿರುವ ದಕ್ಷಿಣದ ರಾಜ್ಯಗಳಿಗೆ ಉತ್ತರದ ಅಳತೆಗೋಲು ಸಲ್ಲದೆಂದು ಅಲ್ಲಿಯ ಪ್ರತಿನಿಧಿಗಳು ವಾದಿಸುತ್ತಿದ್ದರು. ಕಾರ್ಮಿಕ ಸಂಘಗಳ ಕೆಲವು ಮುಂದಾಳುಗಳಿಗೂ ಅಳುಕಿತ್ತು. ಸರ್ಕಾರ ಗೊತ್ತುಮಾಡಿದ ಕನಿಷ್ಠವೇ ಕ್ರಮೇಣ ಗರಿಷ್ಠವಾಗಿಬಿಟ್ಟರೆ ಗತಿಯೇನು ಎಂಬ ಅಳುಕು ಅದು.

ಪರ್ಕಿನ್ಸ್ ಮತ್ತು ಆಕೆಯ ಪಕ್ಷದವರ ಸಮಾಧಾನ ಹೀಗಿತ್ತು. ಹಸಿದವನು ಮಾಡಿಕೊಳ್ಳುವ ಒಪ್ಪಂದ ಸ್ವತಂತ್ರವಾದ ಒಪ್ಪಂದವಲ್ಲ. ಬದುಕಲು ಸಾಲದ ಕೂಲಿಯನ್ನು ಕೊಡುವ ಮಾಲೀಕನ ಹೊರೆಯನ್ನು ಸಮಾಜವೇ ಹೊರುತ್ತದೆ, ಏಕೆಂದರೆ ಸಾಲದೆ ಬಿದ್ದುದನ್ನು ಅನ್ನಛತ್ರಗಳೂ ಧರ್ಮಾಸ್ಪತ್ರೆಗಳೂ ತುಂಬಿಕೊಡಬೇಕಾಗುತ್ತದೆ. ನ್ಯಾಯವಾಗಿ ಕೂಲಿ ಕೊಡುವ ಮಾಲೀಕನು ಕೊಡದವನೊಡನೆ ಪೈಪೋಟಿ ಮಾಡಲಾಗದೆ ಸೋಲುತ್ತಾನೆ. ಅಲ್ಲದೆ ದುಡಿಯುವವರ ಕೈಯಲ್ಲಿ ಕಾಸಿಲ್ಲದಿದ್ದರೆ ಗಿರಣಿಗಳಲ್ಲಿ ನೇಯ್ದ ಬಟ್ಟೆಯನ್ನು ಕೊಳ್ಳುವವರಾದರೂ ಯಾರು?

1933ರಲ್ಲಿ ಬಂದ ಕೈಗಾರಿಕಾ ಪುನಶ್ಚೇತನ ಕಾನೂನಿನ ಅಡಿಯಲ್ಲಿ ಅನೇಕ ಉದ್ಯಮಗಳಿಗೆ ಕನಿಷ್ಠ ವೇತನದ ನಿಯಮಗಳು ಬಂದವು. 1935ರ ಮೇ ತಿಂಗಳಿನಲ್ಲಿ ನ್ಯಾಯಾಲಯ ಅದನ್ನೂ ಹೊಡೆದುಹಾಕಿತು. ಆದರೆ ಇಂಥ ದಿನ ಬಂದೀತೆಂದು ಪರ್ಕಿನ್ಸ್ ಮೊದಲೇ ಊಹಿಸಿದ್ದಳು. ಎರಡು ಮಸೂದೆಗಳ ಕರಡುಗಳನ್ನು ಸಿದ್ಧಪಡಿಸಿ ತನ್ನ ಮೇಜಿನ ಎಡಗಡೆಯ ಕೆಳಗಿನ ಖಾನೆಯಲ್ಲಿ ಬೀಗ ಹಾಕಿ ಇಟ್ಟಿರುವುದಾಗಿ ಆಕೆ ರೂಸ್‌ವೆಲ್ಟನಿಗೆ ತಿಳಿಸಿದ್ದಳು. ಒಂದು, ಸರ್ಕಾರಕ್ಕೆ ಸರಕು ಒದಗಿಸುವ ಗುತ್ತಿಗೆದಾರರಿಗೆ ಸಂಬಂಧಿಸಿದ್ದು. ಅದು 1936ರಲ್ಲಿ ಕಾನೂನಾಯಿತು. ಇನ್ನೊಂದು, ದೇಶಕ್ಕೆಲ್ಲ ಕನಿಷ್ಠ ವೇತನವನ್ನು ವಿಧಿಸುವಂಥದು. ಅದು ಸಮಯಕ್ಕಾಗಿ ಕಾಯುತ್ತ ಖಾನೆಯಲ್ಲಿಯೇ ಉಳಿಯಿತು. ಈ ನಡುವೆ, 1935ರ ಆಗಸ್ಟ್ 14ರಂದು, ಆಕೆಯ ನೇತೃತ್ವದ ಸಮಿತಿ ರೂಪಿಸಿದ ಸಾಮಾಜಿಕ ಭದ್ರತಾ ಶಾಸನಕ್ಕೆ ಅಂಕಿತ ಬಿದ್ದಿತು. ಮುದುಕರಿಗೂ ಕೆಲಸ ಕಳೆದುಕೊಂಡವರಿಗೂ ಅದರಿಂದ ಆಸರೆ ದೊರೆಯಿತು.

ನ್ಯಾಯಾಲಯದ ಬಾಗಿಲನ್ನು ತೆರೆಸಿದವಳು ಇನ್ನೊಬ್ಬ ಹೋಟೆಲಿನ ಹೆಂಗಸು. ಪಶ್ಚಿಮದ ವಾಷಿಂಗ್ಟನ್ ರಾಜ್ಯದಲ್ಲಿ ಕೋಣೆಗಳನ್ನು ಗುಡಿಸಿ ಹಾಸಿಗೆ ಹಾಸುತ್ತಿದ್ದ ಎಲ್ಸಿ ಪ್ಯಾರಿಷ್ ಎಂಬವಳು, ಆ ರಾಜ್ಯ ಗೊತ್ತುಪಡಿಸಿದ್ದ ಕೂಲಿಗಿಂತ ತನಗೆ ಕಡಿಮೆ ಕೊಡಲಾಗಿದೆಯೆಂದು ದಾವೆ ಹೂಡಿದಳು. ಅವಳು ಕೇಳಿದುದು 216 ಡಾಲರ್ 19 ಸೆಂಟುಗಳ ಬಾಕಿಯನ್ನು. 1937ರ ಮಾರ್ಚ್ 29ರಂದು ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕು ಮತಗಳಿಂದ ಅವಳ ಪರವಾಗಿ ತೀರ್ಪಿತ್ತು, 1923ರ ತನ್ನ ತೀರ್ಮಾನವನ್ನು ತಾನೇ ಬದಿಗೆ ಸರಿಸಿತು. ಪರ್ಕಿನ್ಸಳ ಮೇಜಿನ ಖಾನೆಯ ಬೀಗ ತೆರೆಯುವ ಕಾಲ ಬಂದಿತು.

ಆ ವರ್ಷದ ಮೇ ತಿಂಗಳಿನಲ್ಲಿ ಮಸೂದೆ ಕಾಂಗ್ರೆಸ್ಸಿನ ಮುಂದೆ ಬಂದಿತು. ಒಂದು ವರ್ಷಕ್ಕೂ ಮಿಕ್ಕಿ ಅಲ್ಲಿ ಎಳೆದಾಟ ನಡೆಯಿತು. ಸೆನೆಟ್ ಒಪ್ಪಿಗೆಯಿತ್ತರೂ ಪ್ರತಿನಿಧಿ ಸಭೆ ಡಿಸೆಂಬರಿನಲ್ಲಿ ಅದನ್ನು ಸಮಿತಿಗೆ ಹಿಂದಿರುಗಿಸಿತು. ತಮ್ಮ ತಮ್ಮ ಕ್ಷೇತ್ರದ ಉದ್ಯಮಗಳಿಗೆ ವಿನಾಯಿತಿ ಬೇಕೆಂದು ಸದಸ್ಯರು ತಿದ್ದುಪಡಿಗಳ ಮಳೆಗರೆದರು. ಕೊನೆಗೆ 1938ರ ಮೇ ತಿಂಗಳಿನಲ್ಲಿ ಪ್ರತಿನಿಧಿ ಸಭೆಯು 314 ಮತಗಳಿಂದ ಅದನ್ನು ಅಂಗೀಕರಿಸಿತು. ವಿರುದ್ಧವಾಗಿ ಬಿದ್ದ ಮತಗಳು 97. ಜೂನ್ 25ರಂದು ರೂಸ್‌ವೆಲ್ಟ್ ಅಂಕಿತ ಹಾಕಿದನು. ಗಂಟೆಗೆ 25 ಸೆಂಟುಗಳ ಕನಿಷ್ಠ ವೇತನ, ಅದು ಏಳು ವರ್ಷಗಳಲ್ಲಿ 40 ಸೆಂಟುಗಳಿಗೆ ಏರಬೇಕು. ವಾರಕ್ಕೆ 44 ಗಂಟೆಗಳ ದುಡಿಮೆ, ಅದು ಎರಡು ವರ್ಷಗಳಲ್ಲಿ 40ಕ್ಕೆ ಇಳಿಯಬೇಕು. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಸರಕು ತಯಾರಿಸುವ ಕಾರ್ಖಾನೆಗಳಲ್ಲಿ ಹದಿನಾರು ವರ್ಷ ತುಂಬದ ಮಕ್ಕಳನ್ನು ದುಡಿಸಕೂಡದು. ಇವು ಆ ಶಾಸನದ ತಿರುಳು.

ಜಯವೇನೋ ದೊಡ್ಡದೇ. ಆದರೆ 1912ರ ಧರ್ಮಸಂಕಟವೇ ಇಲ್ಲಿಯೂ ದೊಡ್ಡದಾಗಿ ಮರುಕಳಿಸಿತ್ತು. ಮಸೂದೆ ಉಳಿಯಬೇಕಾದರೆ ಬಹುಮಂದಿಯನ್ನು ಹೊರಗಿಡಬೇಕಾಯಿತು. ದೇಶದ ದುಡಿಮೆಗಾರರಲ್ಲಿ ಸುಮಾರು ಐದನೆಯ ಒಂದು ಪಾಲಿನವರಿಗೆ ಮಾತ್ರ ಅದು ಅನ್ವಯವಾಯಿತು. ಹೊಲಗಳಲ್ಲಿ ಬೆವರು ಸುರಿಸುವವರೂ ಪರರ ಮನೆಗಳಲ್ಲಿ ಪಾತ್ರೆ ಬೆಳಗುವವರೂ ಹೊರಗುಳಿದರು. ದಕ್ಷಿಣದ ರಾಜ್ಯಗಳಲ್ಲಿ ಈ ಕೆಲಸಗಳನ್ನು ಮಾಡುತ್ತಿದ್ದವರು ಹೆಚ್ಚಾಗಿ ಕರಿಯ ಜನರು. ಎಲ್ಲರಿಗಿಂತ ಕಡಿಮೆ ಕೂಲಿ ಪಡೆಯುತ್ತಿದ್ದವರಿಗೇ ಕಾನೂನಿನ ನೆರಳು ದೊರೆಯಲಿಲ್ಲ. ವಿರೋಧಿಗಳ ಎಚ್ಚರಿಕೆಯೂ ಪೂರ್ತಿ ಸುಳ್ಳಾಗಲಿಲ್ಲ. ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ ಪೀಕನ್ ಎಂಬ ಕಾಯಿಯ ಸಿಪ್ಪೆ ಬಿಡಿಸುತ್ತಿದ್ದ ಬಡವರ ಕೂಲಿ ಅತ್ಯಂತ ಹೀನವಾಗಿತ್ತು. ಕಾನೂನು ಬಂದ ಮೇಲೆ ಅಲ್ಲಿಯ ಮಾಲೀಕರು ಯಂತ್ರಗಳನ್ನು ತಂದರು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಪೋರ್ಟೊರೀಕೊ ದ್ವೀಪದಲ್ಲಿ ಕಸೂತಿ ಹೊಲಿಗೆಗಳನ್ನು ನೆಚ್ಚಿದ್ದ ಹೆಂಗಸರಿಗೂ ಅದೇ ಗತಿಯಾಗಲು, 1940ರಲ್ಲಿ ಅಲ್ಲಿಗೆ ಬೇರೆ ದರಗಳನ್ನು ಗೊತ್ತುಮಾಡುವ ಏರ್ಪಾಡಾಯಿತು. ಇನ್ನೊಂದು ಕಡೆ, ಕಾನೂನು ಜಾರಿಗೆ ಬಂದೊಡನೆ ಸುಮಾರು ಮೂರು ಲಕ್ಷ ಮಂದಿಯ ಕೂಲಿ ಏರಿತು, ಮತ್ತು ಉದ್ಯಮಗಳು ಒಟ್ಟಾಗಿ ಕುಸಿದುಬೀಳುವುವೆಂಬ ಭೀತಿ ನಿಜವಾಗಲಿಲ್ಲ. ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ತೂಗಿ ನೋಡಿ ದರವನ್ನು ಹಂತ ಹಂತವಾಗಿ ಏರಿಸಬೇಕೆಂಬ ಪಾಠ ಇದರಿಂದ ದೊರೆಯಿತು. 1941ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಶಾಸನವನ್ನು ಒಮ್ಮತದಿಂದ ಎತ್ತಿಹಿಡಿಯಿತು.

ಪರ್ಕಿನ್ಸಳ ಬಾಳು ಈ ವರ್ಷಗಳಲ್ಲಿ ಹೂವಿನ ಹಾಸಿಗೆಯಾಗಿರಲಿಲ್ಲ. ಬಂದರು ಕಾರ್ಮಿಕರ ನಾಯಕನೊಬ್ಬನನ್ನು ದೇಶದಿಂದ ಹೊರಗಟ್ಟಲಿಲ್ಲವೆಂಬ ಕಾರಣಕ್ಕಾಗಿ 1939ರಲ್ಲಿ ಆಕೆಯನ್ನು ಪದಚ್ಯುತಗೊಳಿಸುವ ಯತ್ನ ನಡೆಯಿತು. ಸಾಕ್ಷ್ಯವಿಲ್ಲದೆ ಯಾರನ್ನೂ ದಂಡಿಸಲಾಗದೆಂಬ ನಿಲುವಿನಿಂದ ಆಕೆ ಕದಲಲಿಲ್ಲ, ಆ ಯತ್ನವೂ ಫಲಿಸಲಿಲ್ಲ. ರೂಸ್‌ವೆಲ್ಟನ ಆಡಳಿತದ ಮೊದಲ ದಿನದಿಂದ ಕೊನೆಯವರೆಗೆ ಮಂತ್ರಿಮಂಡಲದಲ್ಲಿ ಉಳಿದವರು ಇಬ್ಬರೇ, ಅವರಲ್ಲಿ ಆಕೆ ಒಬ್ಬಳು. 1945ರಲ್ಲಿ, ಹನ್ನೆರಡು ವರ್ಷಗಳ ಸೇವೆಯ ಬಳಿಕ ಆಕೆ ಪದವಿಯನ್ನು ತೊರೆದಳು. ಪಟ್ಟಿಯಲ್ಲಿದ್ದ ಅಂಶಗಳಲ್ಲಿ ಆರೋಗ್ಯ ವಿಮೆಯೊಂದು ಕೈಗೂಡದೆ ಉಳಿದಿತ್ತು. ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾಗಿ, ಮೊಮ್ಮಕ್ಕಳ ವಯಸ್ಸಿನ ವಿದ್ಯಾರ್ಥಿಗಳ ನಡುವೆ ಕೊನೆಯ ವರ್ಷಗಳನ್ನು ಕಳೆದಳು. 1965ರ ಮೇ 14ರಂದು, ತನ್ನ 85ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಕಾಲವಾದಳು. ಪೂರ್ವಿಕರ ಊರಾದ ನ್ಯೂಕ್ಯಾಸಲ್‌ನಲ್ಲಿ ಆಕೆಯ ಸಮಾಧಿಯಿದೆ.

ಹೊರಗುಳಿದಿದ್ದ ಹೊಲದ ಕೂಲಿಗಾರರಲ್ಲಿ ಹಲವರನ್ನು ಕಾನೂನಿನ ಒಳಗೆ ತಂದ ತಿದ್ದುಪಡಿ ಬಂದುದು ಆಕೆ ಸತ್ತ ಮರುವರ್ಷ, 1966ರಲ್ಲಿ. ಮನೆಗೆಲಸದವರು 1974ರವರೆಗೆ ಕಾಯಬೇಕಾಯಿತು. ಭಾರತದಲ್ಲಿಯೂ ಈ ಪ್ರಶ್ನೆ ಸ್ವಾತಂತ್ರ್ಯದ ಹೊಸ್ತಿಲಲ್ಲಿಯೇ ಎದ್ದಿತು. ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಖಾತೆಯನ್ನು ವಹಿಸಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರು 1946ರಲ್ಲಿ ಮಂಡಿಸಿದ ಮಸೂದೆ 1948ರಲ್ಲಿ ಕನಿಷ್ಠ ವೇತನ ಕಾಯಿದೆಯಾಯಿತು. ಆ ಕಾಯಿದೆಯ ಅನುಸೂಚಿಯಲ್ಲಿ ಬೇಸಾಯದ ಕೂಲಿಗೂ ಸ್ಥಾನವಿತ್ತು.

ಅಮೆರಿಕದಲ್ಲಿ 25 ಸೆಂಟುಗಳಿಂದ ಆರಂಭವಾದ ದರ 1956ರಲ್ಲಿ ಒಂದು ಡಾಲರನ್ನೂ 2009ರಲ್ಲಿ 7 ಡಾಲರ್ 25 ಸೆಂಟುಗಳನ್ನೂ ಮುಟ್ಟಿತು. ಆಮೇಲೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅದು ಅಲ್ಲಿಯೇ ನಿಂತಿತು. ಅದನ್ನು ಏರಿಸಬೇಕೆಂದಾಗಲೆಲ್ಲ ಹಳೆಯ ವಾದಗಳು ಮತ್ತೆ ಎದ್ದು ನಿಲ್ಲುತ್ತವೆ. ಕೆಲಸ ಕಳೆದುಕೊಂಡ ಲಿಫ್ಟಿನ ತರುಣಿಯೂ, ಬಾಕಿ ಕೂಲಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದ ಎಲ್ಸಿ ಪ್ಯಾರಿಷಳೂ ಆ ವಾದದ ಎರಡು ಮುಖಗಳಾಗಿ ಕಣ್ಣ ಮುಂದೆ ಬರುತ್ತಾರೆ. ಇಬ್ಬರ ಸಂಕಟವೂ ನಿಜವೇ. ಅವರಲ್ಲಿ ಒಬ್ಬರನ್ನು ಮರೆತು ಇನ್ನೊಬ್ಬರಿಗಾಗಿ ಕಾನೂನು ಮಾಡುವುದು ಸುಲಭ. ಇಬ್ಬರನ್ನೂ ನೆನಪಿನಲ್ಲಿಟ್ಟುಕೊಂಡು, ದೊರೆತಷ್ಟನ್ನು ಭದ್ರಪಡಿಸಿಕೊಂಡು, ಬಿಟ್ಟುಹೋದವರಿಗಾಗಿ ಮತ್ತೆ ದುಡಿಯುವುದು ಕಷ್ಟ. ಆ ಕಷ್ಟದ ದಾರಿಯನ್ನು ಫ್ರಾನ್ಸಿಸ್ ಪರ್ಕಿನ್ಸ್ ಆರಿಸಿಕೊಂಡಳು. 1911ರ ಆ ಶನಿವಾರದ ಸಂಜೆ ಬೀದಿಯಲ್ಲಿ ನಿಂತು ನೋಡಿದವರು ಸಾವಿರಾರು ಮಂದಿ. ಕಂಡುದನ್ನು ಐವತ್ತು ವರ್ಷಗಳ ಕಾಲ ಎದೆಯಲ್ಲಿಟ್ಟುಕೊಂಡು ದುಡಿದವರು ಕೆಲವರೇ. ಆ ಕೆಲವರಲ್ಲಿ ಆಕೆಯ ಹೆಸರು ಮೊದಲ ಸಾಲಿನಲ್ಲಿದೆ.